ಕುದುರೆ ಮಸಾಲೆಗೆ ಬುಡ ಕೊಳೆ: 4 ಗುಂಟೆ ಮಡಿ ಸರಿಪಡಿಸಿದ ಲೆಕ್ಕ

ಜಾಗ ಮುಧೋಳ ತಾಲ್ಲೂಕು. ಘಟಪ್ರಭಾ ಎಡದಂಡೆ ಕಾಲುವೆ ನೀರು ಹಾಯುವ ಎರೆ ಭೂಮಿ. ಹೊಲದ ಒಂದು ಪಟ್ಟಿ 66 ಅಡಿ ಅಗಲ, 165 ಅಡಿ ಉದ್ದ, ಅಂದರೆ 10 ಗುಂಟೆ. 2020ರ ನವೆಂಬರ್‌ನಲ್ಲಿ ಇಷ್ಟಕ್ಕೂ ಕುದುರೆ ಮಸಾಲೆ ಅನ್ನುವ ಮೇವಿನ ಬೆಳೆ ಬಿತ್ತಿದ್ದೆವು. ಬೀಜದ ಅಂಗಡಿಯಲ್ಲಿ ಲೂಸರ್ನ್ ಅಂತ ಕೇಳಬೇಕು. ತಳಿ ಆರ್‌ಎಲ್-88, ರಾಹುರಿಯ ಮಹಾತ್ಮಾ ಫುಲೆ ಕೃಷಿ ವಿದ್ಯಾಪೀಠ ಬಿಡುಗಡೆ ಮಾಡಿದ್ದು. ಒಮ್ಮೆ ಬಿತ್ತಿದರೆ ಮೂರ್ನಾಲ್ಕು ವರ್ಷ ಕೊಯ್ಯುವಂಥ ತಳಿ. ಎರಡು ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್) ತಳಿಯ ಆಕಳು, ಒಂದು ಎಮ್ಮೆ, ಕೆಲವು ಆಡುಗಳಿಗೆ ಇದೇ ಹಸಿ ಮೇವು.

ಎರಡು ವರ್ಷದೊಳಗೇ ಪಶ್ಚಿಮ ತುದಿಯ 4 ಗುಂಟೆ ಹಾಳಾಯಿತು. ಅದನ್ನು ಸರಿಮಾಡಿದ ಬಗೆ, ದುಡ್ಡು, ಹತ್ತದೇ ಹೋದ ಉಪಾಯ ಎಲ್ಲವನ್ನೂ ಬರೆದಿಟ್ಟಿದ್ದೇನೆ. ಮೇವಿನ ಮಡಿ ಇಟ್ಟುಕೊಂಡವರಿಗೆ ನಾನು ಹೇಳುವುದು ಇಷ್ಟೇ: ನಿಂತ ನೀರು ಬಿಡಿಸುವ ಮುಂಚೆ ಔಷಧಿಗೆ ದುಡ್ಡು ಹಾಕಬೇಡಿ.

1. ಸೆಪ್ಟೆಂಬರ್ 2022: ಕಂಡದ್ದು

ಹುಬ್ಬಿ ಮಳೆ ಬಿಟ್ಟ ಮೇಲೆ ಬಿಸಿಲು ಜೋರಾಯಿತು. ಆಗ ಪಶ್ಚಿಮ ತುದಿಯಲ್ಲಿ ಚಕ್ಕಡಿ ಗಾಲಿಯಷ್ಟು ಅಗಲದ ಸುತ್ತುಗಳು ಹಳದಿಯಾದವು. ಮಧ್ಯಾಹ್ನ ಎಲೆ ಜೋತು ಬೀಳುತ್ತಿತ್ತು, ಸಂಜೆಗೆ ಮತ್ತೆ ಏಳುತ್ತಿತ್ತು. ನೀರು ಸಾಲದು ಅಂತ ಮನೆಯಲ್ಲಿ ಎಲ್ಲರ ಲೆಕ್ಕ. ಎರಡು ಸಲ ನೀರು ಹಾಯಿಸಿದೆವು. ಮುಂದಿನ ವಾರ ಸಂಜೆಯಾದರೂ ಗಿಡ ಏಳಲಿಲ್ಲ, ಸುತ್ತು ಇನ್ನೂ ದೊಡ್ಡದಾಯಿತು.

ನೀರು ಹಾಯಿಸುವ ಮುಂಚೆ ಒಂದು ಗಿಡ ಅಗೆದು ನೋಡಿದ್ದರೆ ಸಾಕಿತ್ತು. ಮಣ್ಣು ನಾಲ್ಕು ಬೆರಳು ಕೆಳಗೆ ಅಂಟಂಟಾಗಿ ಹಸಿಯಿತ್ತು. ಮಣ್ಣಲ್ಲಿ ಹಸಿ ಇದ್ದೂ ಗಿಡ ಬಾಡಿದರೆ ತೊಂದರೆ ಬೇರಲ್ಲಿದೆ ಅಂತಲೇ ಅರ್ಥ.

2. ಬೇರು ಅಗೆದು ನೋಡಿದ್ದು

ಬೇಕಾದದ್ದು: ಸಲಿಕೆ, ಒಂದು ಬಕೆಟ್ ನೀರು, ಹರಿತವಾದ ಚಾಕು, ಹಳೇ ಪೇಪರ್, ಮುಚ್ಚಳ ಇರುವ ಪ್ಲಾಸ್ಟಿಕ್ ಡಬ್ಬಿ.

ಕೈಯಿಂದ ಗಿಡ ಜಗ್ಗಬಾರದು. ರೋಗ ಇರುವ ಬುಡ ನೆಲದ ಮಟ್ಟಕ್ಕೇ ಕಿತ್ತು ಬರುತ್ತದೆ, ನೋಡಬೇಕಾದ ಭಾಗ ಒಳಗೇ ಉಳಿಯುತ್ತದೆ. ಸುತ್ತ ಒಂದು ಅಡಿ ಆಳ ಅಗೆದು ಮಣ್ಣಿನ ಗಡ್ಡೆ ಸಮೇತ ಎತ್ತಿ, ಬಕೆಟ್‌ನಲ್ಲಿ ಅದ್ದಿ ಮಣ್ಣು ಬಿಡಿಸಬೇಕು. ಪೂರ್ತಿ ಸತ್ತದ್ದು, ಅರ್ಧ ಬಾಡಿದ್ದು, ಪಕ್ಕದಲ್ಲೇ ಹಸಿರಾಗಿ ನಿಂತದ್ದು, ಮೂರೂ ಬೇಕು. ಹೆಚ್ಚು ಉಪಯೋಗ ಅರ್ಧ ಬಾಡಿದ ಗಿಡದ್ದು. ಸತ್ತ ಬೇರಿನ ಮೇಲೆ ನೂರೆಂಟು ಬೂಷ್ಟು ಬಂದು ಕೂತಿರುತ್ತವೆ, ಯಾವುದು ಕೊಂದದ್ದು ಯಾವುದು ಆಮೇಲೆ ಬಂದದ್ದು ಗೊತ್ತಾಗುವುದಿಲ್ಲ.

ನಮ್ಮ ಭಾಗದಲ್ಲಿ ಕಬ್ಬು ಜಾಸ್ತಿ, ಹಾಗಾಗಿ ಮೊದಲ ಸಂಶಯ ಗೊಣ್ಣೆ ಹುಳುವಿನ ಮೇಲೆ. ಅದು ತಿಂದ ಬೇರಿಗೆ ಕಚ್ಚಿದ ಗುರುತು ಇರುತ್ತದೆ, ಕೊಳೆತಿರುವುದಿಲ್ಲ. ಅಗೆದ ಮಣ್ಣಲ್ಲಿ ಹುಳುವೂ ಸಿಗಬೇಕು. ಒಂದೂ ಸಿಗಲಿಲ್ಲ.

ಆಮೇಲೆ ತಾಯಿ ಬೇರನ್ನು ಉದ್ದಕ್ಕೆ ಸೀಳಿದೆವು. ಕೆಲವೇ ಕೆಲವು ಗಿಡಗಳಲ್ಲಿ ಮೇಲಿನ ಸಿಪ್ಪೆ ಗಟ್ಟಿ ಇದ್ದು, ಒಳಗೆ ಕೆಂಗಂದು ಗೆರೆ ಉದ್ದಕ್ಕೆ ಓಡಿತ್ತು. ಇದು ಫ್ಯುಸೇರಿಯಂ ಶಿಲೀಂಧ್ರದ ಸೊರಗು. ಕಡಲೆಗೆ ಸಿಡಿ ರೋಗ ಬಂದಾಗ ಕಾಣುವ ಗೆರೆಯೂ ಇದೇ ರೀತಿಯದು.

ಉಳಿದ ಬಹುಪಾಲು ಗಿಡಗಳ ಕತೆ ಬೇರೆ. ನೆಲದ ಮಟ್ಟದಲ್ಲಿ, ಕಾಂಡ ಮುಗಿದು ಬೇರು ಶುರುವಾಗುವ ಎರಡು ಇಂಚು ಜಾಗದಲ್ಲಿ ಸಿಪ್ಪೆ ಕಂದಾಗಿ ಮೆತ್ತಗಾಗಿತ್ತು. ಹೆಬ್ಬೆರಳಿಂದ ಒತ್ತಿದರೆ ಜಾರಿ ಬಂತು. ಅದರ ಕೆಳಗೆ ಬಿಳಿ ಎಳೆಗಳು ಬೀಸಣಿಗೆ ಬಿಚ್ಚಿದ ಹಾಗೆ ಹರಡಿದ್ದವು. ಬುಡದ ಸುತ್ತಲ ಮಣ್ಣಿನಲ್ಲೂ, ಉದುರಿದ ಎಲೆಯ ಮೇಲೂ ಅದೇ ಎಳೆ. ಅಲ್ಲಲ್ಲಿ ಸಾಸಿವೆ ಗಾತ್ರದ ದುಂಡನೆ ಕಾಳು. ಎಳೆಯವು ಬಿಳಿ, ಬಲಿತವು ಕಂದು.

ಈ ಕಾಳು ಶಿಲೀಂಧ್ರದ್ದೇನಾ, ಗೊಬ್ಬರದ ಜೊತೆ ಬಂದ ನಿಜವಾದ ಸಾಸಿವೆಯಾ ಅಂತ ತಿಳಿಯಲು ಒಂದನ್ನು ಬ್ಲೇಡಿನಿಂದ ಕತ್ತರಿಸಿದೆ. ಒಳಗೆ ಬೆಳ್ಳಗಿತ್ತು. ಸಾಸಿವೆ ಆಗಿದ್ದರೆ ಒಳಗೆ ಹಳದಿ ಇರುತ್ತದೆ, ಉಗುರಿನಲ್ಲಿ ಒತ್ತಿದರೆ ಎಣ್ಣೆ ಜಿನುಗುತ್ತದೆ.

ಇನ್ನೂ ಗಟ್ಟಿ ಮಾಡಿಕೊಳ್ಳಲು ಡಬ್ಬಿ ಪರೀಕ್ಷೆ. ತೊಳೆದ ಬೇರನ್ನು ಎರಡು ಇಂಚಿನ ತುಂಡು ಮಾಡಿ, ಒದ್ದೆ ಪೇಪರ್ ಹಾಸಿದ ಡಬ್ಬಿಯಲ್ಲಿಟ್ಟು ಮುಚ್ಚಿ, ನೆರಳಲ್ಲಿ ಇಟ್ಟೆ. ಪೇಪರ್ ಒದ್ದೆ ಇರಬೇಕು, ನೀರು ನಿಲ್ಲಬಾರದು. ಮೂರನೇ ದಿನಕ್ಕೆ ಬಿಳಿ ಎಳೆ ಪೇಪರ್ ತುಂಬ ಹರಡಿತು. ವಾರ ದಾಟಿದ ಮೇಲೆ ಕಾಳು ಕಟ್ಟಿತು. ಕೃಷಿ ವಿಜ್ಞಾನ ಕೇಂದ್ರಕ್ಕೆ ಅರ್ಧ ಬಾಡಿದ ಗಿಡವನ್ನು ಮಣ್ಣು ಸಮೇತ ಕಾಗದದಲ್ಲಿ ಸುತ್ತಿ ಒಯ್ದಾಗ ಅವರೂ ಅದನ್ನೇ ಹೇಳಿದರು: ಸ್ಕ್ಲೆರೋಶಿಯಂ ರಾಲ್ಫ್‌ಸಿ, ಬುಡ ಕೊಳೆ.

ಶೇಂಗಾ ಬೆಳೆದವರಿಗೆ ಈ ರೋಗ ಹೊಸದಲ್ಲ. ಅರಿಶಿನ, ಸೋಯಾ, ಉಳ್ಳಾಗಡ್ಡಿ, ಟೊಮ್ಯಾಟೊ, ಇದಕ್ಕೆ ಆಗದ ಬೆಳೆ ಕಡಿಮೆ. ನಾವೂ ಮಸಾಲೆ ಬಿತ್ತುವ ಮುಂಚೆ ಇದೇ ಪಟ್ಟಿಯಲ್ಲಿ ಶೇಂಗಾ ತೆಗೆದಿದ್ದೆವು. ಕಾಳು ಮಣ್ಣಿನ ಮೇಲ್ಪದರದಲ್ಲಿ ವರ್ಷಗಟ್ಟಲೆ ಜೀವ ಹಿಡಿದಿರುತ್ತದೆ. ಬೆಚ್ಚಗೆ, ಹಸಿಯಾಗಿ ಇದ್ದರೆ ಮೊಳೆಯುತ್ತದೆ.

3. ಅಕ್ಟೋಬರ್ 2022: ಹತ್ತದೇ ಹೋದ ಉಪಾಯ

ಕಾಪರ್ ಆಕ್ಸಿಕ್ಲೋರೈಡ್, ಲೀಟರಿಗೆ 3 ಗ್ರಾಂ, ಬುಡಕ್ಕೆ ಸುರಿದೆವು. ಸುತ್ತು ನಿಲ್ಲಲಿಲ್ಲ. ಆ ಜಾಗದ ಮೇವನ್ನು ದನಕ್ಕೆ ಹಾಕಲಿಲ್ಲ, ಕೊಯ್ದು ಒಣಗಿಸಿ ಸುಟ್ಟೆವು. ಹಾಲು ಕುಡಿಯುವವರಲ್ಲಿ ನಮ್ಮ ಮನೆಯ ಮಕ್ಕಳೂ ಇದ್ದಾರೆ, ಹಾಗಾಗಿ ನಿಂತ ಮೇವಿಗೆ ಇನ್ನು ಔಷಧಿ ಬೇಡ ಅಂತ ಅವತ್ತೇ ನಿರ್ಧಾರ ಮಾಡಿದೆವು.

ರೋಗದ ಶಿಲೀಂಧ್ರವನ್ನು ಮಟ್ಟ ಹಾಕುವ ಟ್ರೈಕೋಡರ್ಮಾ ಪುಡಿಯನ್ನು ನೀರಲ್ಲಿ ಕಲಸಿ ಹಾಗೇ ಸುರಿದದ್ದೂ ದಂಡ. ಒಂದೆಡೆ ತಾಮ್ರದ ಔಷಧಿ ಹಾಕಿದ ಮಣ್ಣು, ಇನ್ನೊಂದೆಡೆ ನಿಂತ ನೀರು. ಟ್ರೈಕೋಡರ್ಮಾ ಕೂಡ ಶಿಲೀಂಧ್ರವೇ ಅಲ್ವಾ, ಅದಕ್ಕೂ ಗಾಳಿ ಬೇಕು, ತಿನ್ನಲು ಕೊಳೆತ ಗೊಬ್ಬರ ಬೇಕು.

ಸತ್ತ ಜಾಗಕ್ಕೆ ಹೊಸ ಬೀಜ ಚೆಲ್ಲಿದ್ದು ಮೂರನೆಯದು. ಮೊಳಕೆ ಬಂತು, ಬೆರಳುದ್ದ ಆಗುವಷ್ಟರಲ್ಲಿ ಮಲಗಿತು. ರೋಗವಂತೂ ಇತ್ತು. ಅದರ ಜೊತೆ ಇನ್ನೊಂದು ಕಾರಣ: ಹಳೇ ಕುದುರೆ ಮಸಾಲೆ ಗಿಡದಿಂದ ಮಣ್ಣಿಗೆ ಇಳಿಯುವ ರಸ ಅದೇ ಜಾತಿಯ ಎಳೆ ಸಸಿಯನ್ನು ಏಳಗೊಡುವುದಿಲ್ಲ. ಹಳೇ ಮಡಿಯಲ್ಲಿ ಸಂದು ತುಂಬಲು ಇದೇ ಬೀಜ ಬೇಡ. ತಾತ್ಪೂರ್ತಿಗೆ ಮೇವು ಬೇಕಾದರೆ ಗೋವಿನ ಜೋಳ ಊರಿ.

4. ನವೆಂಬರ್ 2022: ನೀರಿನ ಮಟ್ಟ

ಇಡೀ ಕೆಲಸದಲ್ಲಿ ಹೆಚ್ಚು ಫಲ ಕೊಟ್ಟದ್ದು ಇದೇ, ಹಾಗಾಗಿ ವಿವರವಾಗಿ ಬರೆಯುತ್ತೇನೆ.

ಗೌಂಡಿಗಳು ಬಳಸುವ ಪಾರದರ್ಶಕ ಲೆವೆಲ್ ಪೈಪ್, ಅರ್ಧ ಇಂಚಿನದು, 50 ಅಡಿ. ಒಳಗೆ ಗಾಳಿ ಗುಳ್ಳೆ ಉಳಿಯದಂತೆ ನೀರು ತುಂಬಿ, ಎರಡು ತುದಿಯನ್ನು ಎರಡು ಕೋಲಿಗೆ ಕಟ್ಟಿದೆವು. ಕಾಲುವೆ ಕಡೆಯಿಂದ ಶುರು ಮಾಡಿ 33 ಅಡಿಗೊಮ್ಮೆ ಅಳತೆ. ತಮ್ಮ ಒಂದು ಕೋಲು ಹಿಡಿದ, ನಾನು ಇನ್ನೊಂದು. ಪ್ರತಿ ಜಾಗದಲ್ಲಿ ನೆಲದಿಂದ ನೀರಿನ ಗೆರೆಯವರೆಗೆ ಟೇಪ್ ಹಿಡಿದು ಬರೆದುಕೊಂಡೆವು.

ಹೊಲ ಪಶ್ಚಿಮಕ್ಕೆ ಇಳಿಜಾರು, ಅದು ಸರಿ ಇತ್ತು. ಆದರೆ ಕೊನೆಯ 20 ಅಡಿಯಲ್ಲಿ ನೆಲ ತಗ್ಗಿ, ದಾರಿಯ ಅಂಚಿಗೆ ಹೋಗುವಾಗ 4 ಇಂಚು ಏರಿತ್ತು. ಹೊಲದ ದಾರಿಗೆ ಗರಸು ಹಾಕಿ ಎತ್ತರಿಸಿದಾಗ ಹಳೇ ಹರಿ, ಅಂದರೆ ನೀರು ಹೊರಹೋಗುವ ತೋಡು, ಮುಚ್ಚಿ ಹೋಗಿತ್ತು. ಅಲ್ಲಿಂದೀಚೆ ಮಳೆ ನೀರಿಗೂ ಕಾಲುವೆ ನೀರಿಗೂ ಹೋಗಲು ದಾರಿಯೇ ಇಲ್ಲ. ಕಣ್ಣಿಗೆ ಇದು ಕಾಣುವುದಿಲ್ಲ, ಮೇವು ದಟ್ಟವಾಗಿದ್ದರೆ ಮಡಿಯಲ್ಲಿ ನಿಂತ ನೀರೂ ಕಾಣುವುದಿಲ್ಲ. ಕಾಲುವೆ ಭಾಗದಲ್ಲಿ ಸವಳು-ಜವಳು ಶುರುವಾಗುವುದೂ ಹೀಗೆ ತುದಿಯಲ್ಲೇ.

ನೀರು ಬಿಡಬೇಕಾದದ್ದು ದಾರಿಯಾಚೆ, ಕಾಕಾ ಅವರ ಕಬ್ಬಿನ ಬದುವಿನ ಪಕ್ಕ. ಕೇಳಿದ್ದಕ್ಕೆ ಅವರು, "ತಗಿಯಪ್ಪಾ, ಬ್ಯಾಡ ಅನ್ನಂಗಿಲ್ಲ. ಆದ್ರ ನನ್ನ ಕಬ್ಬಿನ್ಯಾಗ ನೀರ ನುಗ್ಗಬಾರದು ನೋಡು" ಅಂದರು. ಅವರ ಮಾತು ಸರಿ. ಪೈಪಿನ ಬಾಯಿಯಿಂದ ಹಳ್ಳದ ತಗ್ಗಿನವರೆಗೆ ಹರಿಯನ್ನು ನಾವೇ ತೆಗೆದುಕೊಟ್ಟೆವು.

ಮಡಿಯ ಪಶ್ಚಿಮ ಅಂಚಿಗೆ 66 ಅಡಿ ಉದ್ದದ ಹರಿ: ಮೇಲೆ ಒಂದೂವರೆ ಅಡಿ ಅಗಲ, ಒಂದು ಅಡಿ ಆಳ, ದಕ್ಷಿಣ ಮೂಲೆಗೆ ಮೂರೂವರೆ ಇಂಚು ಇಳಿಜಾರು. ಆ ಮೂಲೆಯಿಂದ ದಾರಿಯ ಕೆಳಗೆ ಪಿವಿಸಿ ಪೈಪ್. ಮೊದಲು ಮನೆಯಲ್ಲಿದ್ದ 3 ಇಂಚಿನ ಪೈಪ್ ಹಾಕಿದ್ದೆವು. ನೀರು ಬಿಟ್ಟು ನೋಡಿದಾಗ ಕಸ ಸಿಕ್ಕಿ ಕಟ್ಟಿತು. ತೆಗೆದು 4 ಇಂಚಿನದು ಹಾಕಿ, ಬಾಯಿಗೆ ಜಾಳಿಗೆ ಕಟ್ಟಿದೆವು. ಮತ್ತೆ ನೀರು ತುಂಬಿ ಬಿಟ್ಟೆವು. ಬೆಳಗಾಗುವಷ್ಟರಲ್ಲಿ ಮಡಿಯಲ್ಲಿ ಒಂದು ಹನಿ ನಿಂತಿರಲಿಲ್ಲ.

5. ಡಿಸೆಂಬರ್ 2022: ರೋಗದ ಗಿಡ ಕಿತ್ತದ್ದು

ಸುತ್ತಿನ ಹೊರಗೆ ಇನ್ನೂ ಒಂದು ಅಡಿ ಬಿಟ್ಟು, ಹಸಿರಾಗಿದ್ದ ಗಿಡವನ್ನೂ ಸೇರಿಸಿ ಕಿತ್ತೆವು. ಬುಡದ ಮಣ್ಣು ನಾಲ್ಕು ಬೆರಳು ಆಳದವರೆಗೆ ಬುಟ್ಟಿಗೆ. ಒಣಗಿಸಿ ಅಲ್ಲೇ ಸುಟ್ಟೆವು. ತಿಪ್ಪೆಗೆ ಹಾಕಿದರೆ ಕಾಳು ಗೊಬ್ಬರದ ಜೊತೆ ಊರೆಲ್ಲ ಹೊಲಕ್ಕೆ ಹೋಗುತ್ತದೆ. ಸಲಿಕೆ, ಗುದ್ದಲಿ ತೊಳೆದು ಬಿಸಿಲಿಗಿಟ್ಟೆವು. ಮೇಲಿನ 6 ಗುಂಟೆಯನ್ನು ಮೊದಲು ಕೊಯ್ದು, ಕೆಳಗಿನದನ್ನು ಕೊನೆಗೆ ಮುಟ್ಟುವುದು ಆಗಿನಿಂದ ರೂಢಿ.

6. ಫೆಬ್ರವರಿಯಿಂದ ಮೇ 2023: ಪಲ್ಟಿ ಮತ್ತು ಪ್ಲಾಸ್ಟಿಕ್

ಉಳಿದ ಗಿಡ ತೆಗೆದು ಟ್ರ್ಯಾಕ್ಟರ್ ಪಲ್ಟಿ ನೇಗಿಲಿನಿಂದ ಒಂದು ಅಡಿ ಆಳ ಉಳುಮೆ. ಕಾಳು ಆಳಕ್ಕೆ ಹೋದರೆ ಮೊಳೆತು ಮೇಲೆ ಬರಲಾರದು. ಇನ್ನೊಮ್ಮೆ ಪಲ್ಟಿ ಹೊಡೆದರೆ ಅದೇ ಕಾಳು ಮೇಲೆ ಬರುತ್ತದೆ, ಹಾಗಾಗಿ ಒಂದೇ ಸಲ. ಆಮೇಲೆ ಏನಿದ್ದರೂ ಮೇಲೆ ಮೇಲೆ.

ಏಪ್ರಿಲ್‌ನಲ್ಲಿ ಹೆಂಟೆ ಒಡೆದು, ಕೂಳೆ ಆರಿಸಿ, ನೆಲ ಸಮ ಮಾಡಿದೆವು. ಒಂದು ಕೂಳೆ ಉಳಿದರೂ ಹಾಳೆ ತೂತಾಗುತ್ತದೆ. ನೀರು ಹಾಯಿಸಿ, ಕಾಲಿಟ್ಟರೆ ಅಂಟದಷ್ಟು ಹದ ಬಂದ ಮೇಲೆ ಬಿಸಿಲ ಕಾವಿಗೆ ಮಣ್ಣಲ್ಲಿನ ಕಾಳು ಸಾಯಲಿ ಅಂತ 25 ಮೈಕ್ರಾನ್ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಹಾಸಿದೆವು. ಒಣ ಮಣ್ಣಿಗೆ ಹಾಸಿದರೆ ಕಾವು ಒಳಗೆ ಇಳಿಯುವುದಿಲ್ಲ. ಕರಿ ಹಾಳೆಯೂ ಈ ಕೆಲಸಕ್ಕೆ ಬೇಡ, ಕಾವೆಲ್ಲ ಅದೇ ಹಿಡಿದುಕೊಳ್ಳುತ್ತದೆ. ಹಾಳೆ ನೆಲಕ್ಕೆ ಅಂಟಿಕೊಂಡಂತೆ ಬಿಗಿಯಾಗಿರಬೇಕು, ಅಂಚು ಅರ್ಧ ಅಡಿ ಮಣ್ಣಲ್ಲಿ ಹೂತಿರಬೇಕು.

ಅಡ್ಡಮಳೆಯ ಗಾಳಿಗೆ ಒಂದು ಅಂಚು ಎದ್ದು ಹರಿಯಿತು. ಟೇಪ್ ಅಂಟಿಸಿ, ಅಂಚಿಗೆ ಮಣ್ಣು ತುಂಬಿದ ಚೀಲ ಸಾಲಾಗಿ ಇಟ್ಟೆವು. ನಾಯಿ ಓಡಾಡಿದ ತೂತುಗಳಿಗೂ ಟೇಪ್.

ಮೇ ಮೊದಲ ವಾರ, ಮಧ್ಯಾಹ್ನ 3 ಗಂಟೆಗೆ ಥರ್ಮಾಮೀಟರ್ ಊರಿ ನೋಡಿದ್ದು: ಹಾಳೆಯ ಕೆಳಗೆ 2 ಇಂಚು ಆಳದಲ್ಲಿ 51 ಡಿಗ್ರಿ, 6 ಇಂಚಿನಲ್ಲಿ 41. ಹಾಳೆ ಇಲ್ಲದ ಕಡೆ 2 ಇಂಚಿನಲ್ಲಿ 43. ಆರು ವಾರ ಹಾಗೇ ಬಿಟ್ಟೆವು. ನಮ್ಮ ಬಿಸಿಲನ್ನು ಬೈಯುವವರೇ ಎಲ್ಲ, ಈ ಕೆಲಸಕ್ಕೆ ಮಾತ್ರ ಇದರಷ್ಟು ಅಗ್ಗದ ಔಷಧಿ ಇಲ್ಲ.

7. ಮುಂಗಾರು 2023

ಮಳೆ ಕೈಕೊಟ್ಟ ವರ್ಷ. ಮೇವಿನ ಜೋಳ ಹಾಕಿದ್ದೆವು, ಬೋರ್ ನೀರಲ್ಲಿ ಹೇಗೋ ಬಂತು. ಜೋಳ, ಗೋವಿನ ಜೋಳಕ್ಕೆ ಈ ರೋಗದ ಕಾಟ ಕಡಿಮೆ, ನಡುವೆ ಒಂದು ಬೆಳೆ ಹಾಕಲು ಅವೇ ಸರಿ. ಶೇಂಗಾ, ಸೋಯಾ ಬೇಡವೇ ಬೇಡ.

8. ಅಕ್ಟೋಬರ್–ನವೆಂಬರ್ 2023: ಗೊಬ್ಬರ, ಮಡಿ, ಬಿತ್ತನೆ

ಚೆನ್ನಾಗಿ ಕಳಿತ ತಿಪ್ಪೆ ಗೊಬ್ಬರ 2 ಕ್ವಿಂಟಲ್, ಬೇವಿನ ಹಿಂಡಿ 50 ಕಿಲೋ, ಟ್ರೈಕೋಡರ್ಮಾ 2 ಕಿಲೋ. ಬೇವಿನ ಮರದ ನೆರಳಲ್ಲಿ ಒಂದು ಅಡಿ ಎತ್ತರಕ್ಕೆ ಹರಡಿ, ನೀರು ಚಿಮುಕಿಸಿ, ಒದ್ದೆ ಗೋಣಿ ಮುಚ್ಚಿದೆವು. ಮುಷ್ಟಿ ಹಿಡಿದರೆ ಉಂಡೆ ಆಗಬೇಕು, ನೀರು ಇಳಿಯಬಾರದು. ವಾರಕ್ಕೊಮ್ಮೆ ತಿರುವಿದೆವು. ಎರಡು ವಾರಕ್ಕೆ ಗೊಬ್ಬರದ ಮೇಲೆ ಹಸಿರು ಪುಡಿ ಮೂಡಿತು. ಹಿಂದಿನ ವರ್ಷ ನೀರಿಗೆ ಕಲಸಿ ಸುರಿದ ಪುಡಿಗೂ ಇದಕ್ಕೂ ಹೋಲಿಕೆಯೇ ಇಲ್ಲ.

ಮಡಿ ಈ ಸಲ ಸಪಾಟಲ್ಲ. 4 ಅಡಿ ಅಗಲ, ಅರ್ಧ ಅಡಿ ಎತ್ತರದ ಏರುಮಡಿ, ನಡುವೆ ಒಂದು ಅಡಿ ಹರಿ. 66 ಅಡಿ ಅಗಲದಲ್ಲಿ 13 ಮಡಿ ಬಂದವು. ನೀರು ಹರಿಯಲ್ಲಿ ಹಾಯುತ್ತದೆ, ಗಿಡದ ಬುಡ ಒಣಗಿಯೇ ಇರುತ್ತದೆ.

4 ಗುಂಟೆಗೆ 1 ಕಿಲೋ ಬೀಜ. ಆರಿಸುವಾಗ ಕಸ್ಕೂಟಾ ಬೀಜ ಇದೆಯಾ ನೋಡಲೇಬೇಕು, ಆ ಹಳದಿ ಬಳ್ಳಿ ಒಮ್ಮೆ ಹೊಕ್ಕರೆ ಇಡೀ ಮಡಿ ಸುತ್ತಿ ಹಾಕುತ್ತದೆ. ಬೆಲ್ಲದ ನೀರಲ್ಲಿ ಟ್ರೈಕೋಡರ್ಮಾ 5 ಗ್ರಾಂ ಮತ್ತು ಕುದುರೆ ಮಸಾಲೆಯ ರೈಜೋಬಿಯಂ (ಬೇರಿಗೆ ಗಂಟು ಕಟ್ಟಿಸುವ ಜೀವಾಣು ಗೊಬ್ಬರ) ಕಲಸಿ, ಬೀಜಕ್ಕೆ ಹಚ್ಚಿ ನೆರಳಲ್ಲಿ ಆರಿಸಿದೆವು. ರೈಜೋಬಿಯಂ ಕೇಳುವಾಗ ಬೆಳೆಯ ಹೆಸರು ಹೇಳಿ. ಕಡಲೆಯದೋ ಸೋಯಾದ್ದೋ ಕೊಟ್ಟರೆ ಬೇರಿಗೆ ಗಂಟು ಕಟ್ಟುವುದಿಲ್ಲ. ಶಿಲೀಂಧ್ರ ಕೊಲ್ಲುವ ಕಾರ್ಬೆಂಡಾಜಿಂ ಔಷಧಿ ಹಚ್ಚಿದ ಬೀಜಕ್ಕೆ ಟ್ರೈಕೋಡರ್ಮಾ ಹಚ್ಚುವುದು ಸುಮ್ನೆ ದುಡ್ಡು ದಂಡ, ಒಂದು ಇನ್ನೊಂದನ್ನು ಕೊಲ್ಲುತ್ತದೆ.

ಸಾಲಿನಿಂದ ಸಾಲಿಗೆ ಒಂದು ಅಡಿ. ಬೀಜ ಅರ್ಧ ಇಂಚಿಗಿಂತ ಕೆಳಗೆ ಹೋಗಬಾರದು. ಮೇಲೆ ಮೇಲೆ ಇದೇ ಗೊಬ್ಬರ ಉದುರಿಸಿ ಮುಚ್ಚಿದೆವು.

9. ಕೊಯ್ಲು

ಮೊದಲ ಕೊಯ್ಲು ಜನವರಿ 2024ರಲ್ಲಿ. ಆಮೇಲೆ ತಿಂಗಳಿಗೊಮ್ಮೆ. ಹಳೇ ಮಡಿಯಲ್ಲಿ ನೆಲಕ್ಕೆ ಹತ್ತಿಸಿ ಕೊಯ್ಯುತ್ತಿದ್ದೆವು, ಒಂದು ಹಿಡಿ ಮೇವು ಜಾಸ್ತಿ ಸಿಗಲಿ ಅಂತ. ಕುಡಗೋಲು ಬುಡಕ್ಕೆ ತಾಗಿ ಸೀಳಿದ ಗಾಯದಿಂದಲೇ ಕೊಳೆ ಒಳಗೆ ಹೋಗುತ್ತದೆ. ಈಗ ಮೂರರಿಂದ ನಾಲ್ಕು ಇಂಚು ಬಿಡುತ್ತೇವೆ. ಹೊಸ ಆಳು ಬಂದರೆ ಮೊದಲ ಸಾಲನ್ನು ನಾವೇ ಕೊಯ್ದು ತೋರಿಸುವುದು, ಬಾಯಿಮಾತಲ್ಲಿ ಹೇಳಿದರೆ ಕೈ ತಾನಾಗಿ ಕೆಳಗಿಳಿಯುತ್ತದೆ. ಮಳೆ ಬಿದ್ದು ಮಡಿ ಒದ್ದೆ ಇರುವಾಗ ಕೊಯ್ಯುವುದಿಲ್ಲ. ಎಡೆ ಹೊಡೆದಾಗ ಬುಡದ ಮೇಲೆ ಬಿದ್ದ ಮಣ್ಣನ್ನು ಕೈಯಿಂದ ಸರಿಸುತ್ತೇವೆ. ಉದುರಿದ ಎಲೆ ಬುಡದಲ್ಲಿ ಗುಡ್ಡೆಯಾಗಲು ಬಿಡುವುದಿಲ್ಲ, ಬಿಳಿ ಎಳೆಗೆ ಮೊದಲ ಊಟ ಅದೇ. ವರ್ಷಕ್ಕೆ ಒಮ್ಮೆಯಾದರೂ ಅಲ್ಲಲ್ಲಿ ಹೂ ಕಾಣುವವರೆಗೆ ಬಿಟ್ಟು ಕೊಯ್ದರೆ ಬೇರಿಗೆ ಕಸುವು ಬರುತ್ತದೆ.

ಅಂದಹಾಗೆ, ಈ ಮೇವನ್ನು ಹಸಿಯಾಗಿ ಒಂದನ್ನೇ ಹಾಕಬೇಡಿ, ಹೊಟ್ಟೆ ಉಬ್ಬರ ಬರುತ್ತದೆ. ಸ್ವಲ್ಪ ಬಾಡಿಸಿ, ಕಣಕಿ ಜೊತೆ ಬೆರೆಸಿ ಕೊಡಿ.

10. ಮಳೆಗಾಲ 2024: ನಿಜವಾದ ಪರೀಕ್ಷೆ

ಆ ವರ್ಷ ಮಳೆ ಚೆನ್ನಾಗಿ ಹಿಡಿಯಿತು. ಜುಲೈನಿಂದ ಸೆಪ್ಟೆಂಬರ್ ಕೊನೆಯವರೆಗೆ ಪ್ರತಿ ವಾರ ಮಡಿ ಸುತ್ತಿ, ಬುಡ ಬಿಡಿಸಿ ನೋಡಿದೆವು. ಹರಿಯಲ್ಲಿ ನೀರು ಓಡಿತು, ಮಡಿಯ ಮೇಲೆ ನಿಲ್ಲಲಿಲ್ಲ. ರೋಗ ಪೂರ್ತಿ ಹೋಗಿದೆ ಅಂತ ಹೇಳಲಾರೆ. ಹಾಳೆ ಹರಿದಿದ್ದ ಅಂಚಿನ ಮಡಿಯಲ್ಲೇ ಎರಡು ಕಡೆ, ಒಂದೊಂದು ಮೊಳ ಜಾಗದಲ್ಲಿ ಗಿಡ ಸತ್ತವು. ಅದೇ ಬಿಳಿ ಎಳೆ, ಅದೇ ಕಾಳು. ಮಣ್ಣು ಸಮೇತ ತೆಗೆದು, ಗುಂಡಿಗೆ ಟ್ರೈಕೋಡರ್ಮಾ ಗೊಬ್ಬರ ತುಂಬಿದೆವು. ಅಲ್ಲಿಂದ ಮುಂದೆ ಹರಡಲಿಲ್ಲ. ಕೆಂಗಂದು ಗೆರೆಯ ಸೊರಗು ಈ ಮಡಿಗಳಲ್ಲಿ ಕಾಣಲಿಲ್ಲ.

11. ಚಳಿಗಾಲ 2024: ಒಂದು ಗುಂಟೆ ಬರ್ಸೀಮ್

ಬರ್ಸೀಮ್ ಕೂಡ ಹಸಿ ಮೇವಿನ ಬೆಳೆಯೇ, ಅಂದರೆ ಈಜಿಪ್ಟಿನ ಕ್ಲೋವರ್. ಹುಲ್ಲುಗಾವಲಿನ ಕ್ಲೋವರ್ ಜಾತಿಯದೇ. ನಮ್ಮಲ್ಲಿ ಚಳಿ ಇರುವಷ್ಟು ದಿನ ಮಾತ್ರ, ಮಾರ್ಚ್ ಬಿಸಿಲಿಗೆ ಮುಗಿಯಿತು. ಝಾನ್ಸಿಯ ಹುಲ್ಲುಗಾವಲು ಮತ್ತು ಮೇವು ಸಂಶೋಧನಾ ಸಂಸ್ಥೆಯ ವರ್ದಾನ್ ತಳಿ. ಆ ಸಂಸ್ಥೆಯ ದಕ್ಷಿಣದ ಕೇಂದ್ರ ಧಾರವಾಡದಲ್ಲೇ ಇದೆ.

ಇದರ ಕಾಂಡ ಕೊಳೆ ಬೇರೆ ಶಿಲೀಂಧ್ರದ್ದು, ಸ್ಕ್ಲೆರೋಟಿನಿಯಾ. ಚಳಿ ಮತ್ತು ತೇವ ಅದಕ್ಕೆ ಇಷ್ಟ. ಅದರ ಕಾಳು ದುಂಡಗಿರುವುದಿಲ್ಲ, ಕಪ್ಪಗೆ, ಅಂಕುಡೊಂಕಾಗಿ ಇರುತ್ತದೆ, ಬೀಜದ ಜೊತೆಯೇ ಬರಬಹುದು. ಬೀಜವನ್ನು ಬಿಳಿ ತಟ್ಟೆಯಲ್ಲಿ ಹರಡಿ ಕಪ್ಪು ಚೂರು ಇದೆಯಾ ನೋಡಿ, ಆಮೇಲೆ ಉಪ್ಪಿನ ನೀರಿಗೆ ಹಾಕಿದೆವು. ಚಿಕೋರಿ ಬೀಜ, ಜೊಳ್ಳು ತೇಲಿದವು, ಅವನ್ನು ತೆಗೆದು ಉಳಿದದ್ದನ್ನು ಒಳ್ಳೇ ನೀರಲ್ಲಿ ತೊಳೆದು ಬಿತ್ತಿದೆವು. ಬೆಳೆ ದಟ್ಟವಾದಾಗ ಮೊದಲ ಕೊಯ್ಲಿಗೆ ತಡ ಮಾಡಲಿಲ್ಲ. ಬುಡಕ್ಕೆ ಬಿಸಿಲು ಬಿದ್ದರೆ ಕಾಂಡ ಕೊಳೆ ತಲೆ ಎತ್ತುವುದಿಲ್ಲ. ರೋಗ ಕಾಣಲಿಲ್ಲ, ಆದರೆ ಒಂದು ಗುಂಟೆ, ಒಂದು ಚಳಿಗಾಲ ನೋಡಿ ತೀರ್ಪು ಕೊಡಲಾಗದು.

ಖರ್ಚು (4 ಗುಂಟೆಗೆ, ಬರ್ಸೀಮ್ ಬಿಟ್ಟು)

ಹರಿ ತೆಗೆದ ಆಳಿನ ಪಗಾರ: 2,000 ರೂ.
4 ಇಂಚಿನ ಪಿವಿಸಿ ಪೈಪ್, ಜಾಳಿಗೆ: 1,800 ರೂ.
ಪಲ್ಟಿ ಉಳುಮೆ: 1,500 ರೂ.
ಪ್ಲಾಸ್ಟಿಕ್ ಹಾಳೆ, 11 ಕಿಲೋ: 1,980 ರೂ.
ಟ್ರೈಕೋಡರ್ಮಾ, 2 ಕಿಲೋ: 360 ರೂ.
ಬೇವಿನ ಹಿಂಡಿ: 1,300 ರೂ.
ಬೀಜ, 1 ಕಿಲೋ: 600 ರೂ.
ರೈಜೋಬಿಯಂ: 60 ರೂ.
ಒಟ್ಟು: 9,600 ರೂ.

ತಿಪ್ಪೆ ಗೊಬ್ಬರ ಮನೆಯದು. ನಮ್ಮ ದುಡಿಮೆ ಲೆಕ್ಕಕ್ಕಿಲ್ಲ. ಮೂರನೇ ಹಂತದ ಔಷಧಿ ದುಡ್ಡೂ ಇದರಲ್ಲಿಲ್ಲ.

ಕೈ ಬಿಗಿ ಇದ್ದವರು ಒಂದೊಂದಾಗಿ ಮಾಡುವುದಾದರೆ ಮೊದಲು ಹರಿ ಮತ್ತು ಪೈಪ್, ಆಮೇಲೆ ಏರುಮಡಿ. ಹಾಳೆ ಮೂರನೆಯದು. ಮೇಲಿನ 6 ಗುಂಟೆಯ ಹಳೇ ಗಿಡಕ್ಕೆ ನಾಲ್ಕು ವರ್ಷ ತುಂಬಿತು, ಅಂಚಿನಲ್ಲಿ ಹಳದಿ ಸುತ್ತು ಕಾಣತೊಡಗಿದೆ. ಅಲ್ಲಿ ಔಷಧಿ ಹಾಕುವುದಿಲ್ಲ. ಕಿತ್ತು, ಲೆವೆಲ್ ಪೈಪ್ ಹಿಡಿದು ಮಟ್ಟ ನೋಡಿ, ಏಪ್ರಿಲ್‌ಗೆ ಹಾಳೆ ಹಾಸುತ್ತೇವೆ. ಹಳೇ ಹಾಳೆ ಬಿಸಿಲಿಗೆ ಪುಡಿಯಾಗಿದೆ. 6 ಗುಂಟೆಗೆ 16 ಕಿಲೋದಷ್ಟು ಹೊಸದು ತರಬೇಕು.